ಕೂಲಿ ಲೆಕ್ಕ, ಮಳೆ ಹಾನಿ: ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ, ಕಾಫಿ, ಮೆಣಸು ಬೆಳೆಯುವ ಮಲೆನಾಡಿನವರು ಸೊಸೈಟಿ ಜಗಲಿಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು.

## ಕೂಲಿ ಲೆಕ್ಕ

ನಾನು ಎಷ್ಟು ಕೂಲಿ ಕೊಡ್ತೀನಿ ಅನ್ನೋದು ನನ್ನ ಮನೆ ವಿಷ್ಯ. ಊರಿಗೆಲ್ಲ ಯಾಕೆ ಹೇಳಬೇಕು?

ಊರಿಗೆಲ್ಲ ಡಂಗುರ ಹೊಡೆಯಬೇಕಾಗಿಲ್ಲ. ಆದರೆ ಒಂದು ಎಕರೆ ತೋಟ ನಡೆಸಲು ಎಷ್ಟು ಖರ್ಚು ಎಂದು ಯಾರೋ ಒಬ್ಬರು ಎಲ್ಲೋ ಕುಳಿತು ತೀರ್ಮಾನ ಮಾಡುತ್ತಲೇ ಇರುತ್ತಾರೆ. ಆ ತೀರ್ಮಾನ ನಿಮ್ಮ ಮನೆಗೇ ಬಂದು ಮುಟ್ಟುತ್ತದೆ. ಅಡಿಕೆ ತೋಟದ ಖರ್ಚು ಬಿಡಿಸಿ ನೋಡಿ: ಕೊಳೆ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ) ಔಷಧಿ ಹೊಡೆಯೋದು, ಕೊನೆ (ಅಡಿಕೆ ಗೊನೆ) ಇಳಿಸೋದು, ಸುಲಿಯೋದು, ಗೊಬ್ಬರ ಹೊರೋದು, ಸೋಗೆ ಎಳೆಯೋದು. ದೊಡ್ಡ ಪಾಲು ಹೋಗುವುದು ಆಳಿಗೆ.

ಸೊಸೈಟಿಯಲ್ಲಿ ಎಕರೆಗೆ ಇಷ್ಟು ಬೆಳೆಸಾಲ ಎಂದು ಹೇಳುತ್ತಾರಲ್ಲ, ಅದು ಜಿಲ್ಲಾ ತಾಂತ್ರಿಕ ಸಮಿತಿ ಪ್ರತಿ ಬೆಳೆಗೂ ನಿಗದಿ ಮಾಡುವ ಮೊತ್ತ. ಅದಕ್ಕೆ ಆಧಾರ ಬೇಸಾಯದ ಖರ್ಚು. ತೋಟಗಳಿಂದ ಹೊಸ ಅಂಕಿ ಬರದಿದ್ದರೆ ಹಳೇ ಅಂಕಿಗೆ ಸ್ವಲ್ಪ ಸೇರಿಸಿ ಮುಗಿಸುತ್ತಾರೆ. ಆಮದು ಅಡಿಕೆಯ ಕನಿಷ್ಠ ಬೆಲೆಯ ವಿಷಯದಲ್ಲೂ ಹಾಗೇ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಬೆಳೆಗಾರರ ಕಡೆಯಿಂದ ಹೋದ ಮುಖ್ಯ ವಾದವೇ ಉತ್ಪಾದನಾ ವೆಚ್ಚ ಏರಿದೆ ಎಂಬುದು. ಅಂಥ ವಾದಕ್ಕೆ ಕೂಲಿ ಲೆಕ್ಕ ಬೇಕು, ಬಾಯಿಮಾತು ನಡೆಯುವುದಿಲ್ಲ.

ನನ್ನನ್ನ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಯಾರು ಬರ್ತಾರೆ ಲೆಕ್ಕ ತಗೊಳ್ಳೋಕೆ?

ಕೇಳದೇ ಇರುವುದು ಸಹಜ. ಕೇಂದ್ರದ ಕಾರ್ಮಿಕ ಬ್ಯೂರೋ ಪ್ರಕಟಿಸುವ ಗ್ರಾಮೀಣ ಕೂಲಿ ದರದ ಅಂಕಿಗಳು ಬಹಳ ವರ್ಷ 20 ರಾಜ್ಯಗಳ 600 ಮಾದರಿ ಹಳ್ಳಿಗಳಿಂದ ಬರುತ್ತಿದ್ದವು. ಇಡೀ ದೇಶಕ್ಕೆ ಅಷ್ಟೇ ಹಳ್ಳಿ. ಇನ್ನು ಬೇಸಾಯ ವೆಚ್ಚದ ಸಮೀಕ್ಷೆಯನ್ನು ಕರ್ನಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ನಡೆಸುತ್ತದೆ. ಅದೂ ಆಯ್ದ ರೈತರ ಮನೆಗಳಲ್ಲಿ ಮಾತ್ರ. ರಾಜ್ಯದ ಕೃಷಿ ಬೆಲೆ ಆಯೋಗವೂ ಇದೆ.

ಮಾದರಿ ಚಿಕ್ಕದಾದಷ್ಟೂ ಒಬ್ಬೊಬ್ಬರ ಉತ್ತರಕ್ಕೆ ತೂಕ ಜಾಸ್ತಿ. ಆ ಮನೆಯವರು “ಏನೋ ಐನೂರು ಇರಬಹುದು” ಎಂದರೆ ಸುತ್ತಲಿನ ಎಷ್ಟೋ ಹಳ್ಳಿಗಳಿಗೆ ಅದೇ ಕೂಲಿ ಆಗಿಬಿಡುತ್ತದೆ. ಆದ್ದರಿಂದ ಯಾರಾದರೂ ಬರಲಿ ಎಂದು ಕಾಯಬೇಡಿ. ಊರಿನ ಲೆಕ್ಕ ಸೊಸೈಟಿಯಲ್ಲಿ ತಯಾರಿರಲಿ. ಜಿಲ್ಲಾ ಸಮಿತಿ ಸೇರುವ ಮೊದಲು ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿಗೆ, ತೋಟಗಾರಿಕೆ ಇಲಾಖೆಗೆ ಒಂದೊಂದು ಪ್ರತಿ ಹೋದರೆ ಸಾಕು.

ಕೂಲಿ ಕಡಿಮೆ ಅಂತ ಹೇಳಿದ್ರೇ ಒಳ್ಳೇದಲ್ವಾ? ಜಾಸ್ತಿ ಹೇಳಿದ್ರೆ ಆಳುಗಳು ಇನ್ನೂ ಜಾಸ್ತಿ ಕೇಳ್ತಾರೆ.

ಆಳುಗಳಿಗೆ ನೀವು ಹೇಳಬೇಕಾದ್ದೇ ಇಲ್ಲ. ಯಾವ ತೋಟದಲ್ಲಿ ಎಷ್ಟು, ಯಾವ ಮನೆಯಲ್ಲಿ ಮಧ್ಯಾಹ್ನದ ಊಟ ಚೆನ್ನಾಗಿರುತ್ತದೆ ಎಂಬುದೆಲ್ಲ ಅವರಿಗೆ ನಮಗಿಂತ ಮೊದಲೇ ಗೊತ್ತು. ಗೊತ್ತಿಲ್ಲದಿರುವುದು ಲೆಕ್ಕ ಹಾಕುವವರಿಗೆ.

ಕಡಿಮೆ ಹೇಳಿದರೆ ನಷ್ಟ ಯಾರಿಗೆ? ಬೇಸಾಯದ ವೆಚ್ಚ ಹಾಕುವಾಗ ಮನೆಯವರ ದುಡಿಮೆಗೂ ಬೆಲೆ ಕಟ್ಟುತ್ತಾರೆ. ಕಟ್ಟುವುದು ಊರಿನಲ್ಲಿ ನಡೆಯುವ ಕೂಲಿಯ ದರದಲ್ಲೇ. ಉದಾಹರಣೆಗೆ, ಗಂಡ ಹೆಂಡತಿ ಇಬ್ಬರೂ ವರ್ಷಕ್ಕೆ 200 ದಿನ ತೋಟದಲ್ಲಿ ದುಡಿಯುತ್ತಾರೆ ಎನ್ನೋಣ. ಕೂಲಿ 500 ಎಂದು ಬರೆಸಿದರೆ ಅವರ ದುಡಿಮೆ 2 ಲಕ್ಷ. ನಿಜವಾದ ಕೂಲಿ 650 ಆಗಿದ್ದರೆ 2.6 ಲಕ್ಷ. 60 ಸಾವಿರ ರೂಪಾಯಿಯ ಮೈಮುರಿತ ಕಾಗದದ ಮೇಲೆ ಮಾಯ. ಅದರಲ್ಲಿ ಅರ್ಧ ಹೆಂಗಸಿನದು, ಅದನ್ನು ಮೊದಲೇ ಯಾರೂ ಲೆಕ್ಕಕ್ಕೆ ಇಟ್ಟಿರುವುದಿಲ್ಲ.

ರಾಗಿ, ಭತ್ತ, ಜೋಳದ ಬೆಂಬಲ ಬೆಲೆಯನ್ನು 2018-19ರಿಂದ ಕೈಖರ್ಚು ಮತ್ತು ಮನೆಯವರ ದುಡಿಮೆ ಎರಡನ್ನೂ ಕೂಡಿಸಿ, ಅದರ ಒಂದೂವರೆ ಪಟ್ಟು ಎಂಬ ಲೆಕ್ಕದಲ್ಲಿ ಘೋಷಿಸುತ್ತಿದ್ದಾರೆ. ಅಡಿಕೆ, ಕಾಫಿ, ಮೆಣಸಿಗೆ ಬೆಂಬಲ ಬೆಲೆ ಇಲ್ಲ. ಆದರೆ ಗದ್ದೆ, ತೋಟ ಎರಡೂ ಇರುವವರು ನಮ್ಮಲ್ಲಿ ಕಡಿಮೆಯೇನಿಲ್ಲ, ಅಲ್ವಾ?

ಕೂಲಿ ಅಂದ್ರೆ ಸಂಜೆ ಕೈಗೆ ಕೊಟ್ಟ ದುಡ್ಡು ತಾನೆ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ಜುಲೈನಲ್ಲಿ ಒಂದು ದಿನ ಕೊಳೆ ಔಷಧಿ ಹೊಡೆಸಿದ್ದನ್ನು ಪುಸ್ತಕದಲ್ಲಿ ಹೀಗೆ ಬರೆಯಬಹುದು (ಅಂಕಿಗಳು ತೋರಿಸುವುದಕ್ಕಷ್ಟೇ):

ಔಷಧಿ ಹೊಡೆಯುವವನು 1, ಕೂಲಿ 1,500. ಡ್ರಮ್ಮಿನ ಹತ್ತಿರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸಲು 1, ಪೈಪ್ ಎಳೆಯಲು 1, ತಲಾ 650. ಬೆಳಗಿನ ತಿಂಡಿ, ಹತ್ತು ಗಂಟೆ ಚಹಾ, ಮಧ್ಯಾಹ್ನದ ಊಟ, ಮೂವರಿಗೆ 360. ಕರೆದುಕೊಂಡು ಬಂದು ಬಿಟ್ಟ ಆಟೋ 300. ಮಧ್ಯಾಹ್ನ ಎರಡಕ್ಕೆ ಮಳೆ ಬಂದು ಕೆಲಸ ನಿಂತಿತು, ಪೂರ್ತಿ ಕೂಲಿ ಕೊಟ್ಟಿದೆ. ಹೊಡೆದದ್ದು ಅರ್ಧ ತೋಟ.

ಕೊನೆಯ ಎರಡು ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಪುಟದಲ್ಲಿ ಬೆಲೆ ಬಾಳುವ ಸಾಲುಗಳು ಅವೇ. ಕೈಗೆ ಕೊಟ್ಟ ಕೂಲಿ 2,800, ಆ ದಿನದ ಆಳಿನ ಖರ್ಚು 3,460, ಆದ ಕೆಲಸ ಅರ್ಧ. ಮುಂಗಡ ಕೊಟ್ಟಿದ್ದರೆ ಬೇರೆ ಬರೆಯಿರಿ. ಮೇಸ್ತ್ರಿಗೆ ತಲೆಗೆ ಇಷ್ಟು ಎಂದು ಕೊಡುವುದಿದ್ದರೆ ಅದೂ ಖರ್ಚೇ. ಆಳುಗಳು ಉಳಿಯುವ ಲೈನ್ ಮನೆಯ ಕರೆಂಟು, ಸೌದೆಯೂ ಹಾಗೇ. ಮುಯ್ಯಾಳಿನಲ್ಲಿ (ಅವರ ತೋಟಕ್ಕೆ ನಾವು, ನಮ್ಮ ತೋಟಕ್ಕೆ ಅವರು ಎಂಬಂತೆ) ಕೆಲಸ ಆಗಿದ್ದರೆ ದುಡ್ಡಿಲ್ಲ ಎಂದು ಸೊನ್ನೆ ಹಾಕಬೇಡಿ, ಎಷ್ಟು ಆಳಿನ ಕೆಲಸ ಎಂದು ಬರೆಯಿರಿ.

ಕಾಫಿ ಕೊಯ್ಲು ಕೆ.ಜಿ. ಲೆಕ್ಕ, ಸುಲಿಯೋದೂ ಕೆ.ಜಿ. ಲೆಕ್ಕ, ಮರಗಸಿ (ನೆರಳು ಮರದ ಕೊಂಬೆ ಸವರೋದು) ಗುತ್ತಿಗೆ. ದಿನಗೂಲಿ ಎಲ್ಲಿಂದ ತರೋದು?

ತರಬೇಡಿ. ಹೇಗೆ ಕೊಟ್ಟಿದ್ದೀರೋ ಹಾಗೇ ಬರೆಯಿರಿ: ಕೆ.ಜಿ.ಗೆ ಎಷ್ಟು, ಮರಕ್ಕೆ ಎಷ್ಟು, ಎಕರೆಗೆ ಎಷ್ಟು. ಜೊತೆಗೆ ಎಷ್ಟು ಜನ ಎಷ್ಟು ದಿನ ಮಾಡಿದರು ಎಂಬುದೊಂದು ಇರಲಿ, ದಿನಗೂಲಿ ತಾನಾಗಿ ಬರುತ್ತದೆ. ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಟ್ಟವರಿಗೆ ಕೊಯ್ಲಿನ ಕೂಲಿ ಲೆಕ್ಕ ಸಿಗುವುದಿಲ್ಲ, ಅದನ್ನು ಚೇಣಿ ಎಂದೇ ಗುರುತು ಮಾಡಿ.

ಇದನ್ನೆಲ್ಲ ಬರೆದಿಟ್ಟರೆ ತೆರಿಗೆಯವರು, ಲೇಬರ್ ಆಫೀಸಿನವರು ಬಂದು ಹಿಡಿಯಲ್ವಾ?

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಕಾಫಿ ಸಂಸ್ಕರಿಸಿ ಮಾರುವವರಿಗೆ ಬೇರೆ ನಿಯಮವಿದೆ. ಅಂಥವರಿಗಂತೂ ಖರ್ಚಿನ ಪುಸ್ತಕ ಇದ್ದರೇ ಲಾಭ. 2008ರ ಅಂಕಿಅಂಶ ಸಂಗ್ರಹ ಕಾಯ್ದೆಯಡಿ ಕೊಟ್ಟ ಮಾಹಿತಿಯಲ್ಲಿ ಕೊಟ್ಟವರ ಗುರುತು ಹೊರಹಾಕುವಂತಿಲ್ಲ. ಊರಿನ ಮಟ್ಟದಲ್ಲೂ ಹೆಸರು ಬೇಡ, “ಅಡಿಕೆ, ಎರಡು ಎಕರೆ” ಎಂದಿದ್ದರೆ ಸಾಕು.

ಆದರೆ ಈ ಹೆದರಿಕೆಯ ಹಿಂದೆ ಇನ್ನೊಂದು ವಿಷಯ ಇರುತ್ತದೆ: ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದು 1976ರಿಂದ ಕಾನೂನಿದೆ. ಮರ ಹತ್ತುವುದಕ್ಕೂ ಕಳೆ ತೆಗೆಯುವುದಕ್ಕೂ ಕೂಲಿ ಬೇರೆ ಇರಬಹುದು. ಇಬ್ಬರೂ ಗೊಬ್ಬರ ಹೊತ್ತಿದ್ದರೆ ಬೇರೆ ಇರುವಂತಿಲ್ಲ. ಬರೆಯಲು ಮುಜುಗರ ಆಗುವಂತಿದ್ದರೆ ಸರಿಮಾಡಬೇಕಾದ್ದು ಕೂಲಿಯನ್ನು, ಪುಸ್ತಕವನ್ನಲ್ಲ.

ನಾನು ಕೊಯ್ಲಿಗೆ ಹೋಗೋಳು. ನೀವೆಲ್ಲ ಸಾಹುಕಾರ್ರು ಸೇರಿ ಕೂಲಿ ಇಳಿಸೋಕೆ ತಾನೆ ಈ ಲೆಕ್ಕ?

ಅನುಮಾನ ಸರಿಯಾಗಿಯೇ ಇದೆ ಅಕ್ಕಾ. ಕಳೆದ ತಿಂಗಳು ಎಷ್ಟು ಕೊಟ್ಟೆವು ಎಂದು ಹೇಳಿಕೊಳ್ಳುವುದು ಒಂದು. “ಇನ್ನು ಮೇಲೆ ಯಾರೂ ಇಷ್ಟಕ್ಕಿಂತ ಜಾಸ್ತಿ ಕೊಡಬಾರದು” ಎಂದು ಕಟ್ಟು ಮಾಡುವುದು ಇನ್ನೊಂದು. ಎರಡನೆಯದಕ್ಕೆ ಈ ಪುಟದಲ್ಲಿ ಜಾಗವಿಲ್ಲ. ಮಾಡಿದರೂ ನಡೆಯುವುದಿಲ್ಲ, ಬೆಳಗ್ಗೆ ಆಳು ಕರೆದೊಯ್ಯುವ ಪಿಕಪ್ಪು ಪಕ್ಕದ ಊರಿಗೆ ಹೋಗುತ್ತದೆ ಅಷ್ಟೇ.

ನಿಜವಾದ ಕೂಲಿ ದಾಖಲಾದರೆ ನಿಮಗೂ ಉಪಯೋಗವಿದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ತೋಟದ ಕೂಲಿ ಹೆಚ್ಚಿನ ಕಡೆ ಅದಕ್ಕಿಂತ ಎಷ್ಟೋ ಮೇಲಿದೆ. ಕನಿಷ್ಠ ಕೂಲಿ ಪರಿಷ್ಕರಿಸಿ ಎಂದು ಕೇಳುವಾಗ ಈ ಅಂತರ ಕಾಗದದಲ್ಲಿ ಇರುವುದು ಒಳ್ಳೆಯದು. ಊರಿನ ಸರಾಸರಿಯನ್ನು ಸೊಸೈಟಿ ಬೋರ್ಡಿಗೇ ಅಂಟಿಸಿ ಎಂದು ನಾನು ಹೇಳುವುದು ಅದಕ್ಕೇ, ಕೊಡುವವರೂ ನೋಡಲಿ, ತೆಗೆದುಕೊಳ್ಳುವವರೂ ನೋಡಲಿ. ನೀವೂ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ.

## ಮಳೆ, ಗಾಳಿ, ಬರ

ಹತ್ತು ಗುಂಟೆ ತೋಟ ಹೋಯ್ತು. ಅಲೆದಾಡಿದ್ರೆ ಸಿಗೋದು ಎರಡೂವರೆ ಸಾವಿರ. ಯಾಕೆ ಬೇಕು ಈ ಗೋಳು?

ಲೆಕ್ಕ ಸರಿಯಾಗಿ ಹೇಳಿದ್ದೀರಿ. 2022-23ರಿಂದ 2025-26ರವರೆಗಿನ ವಿಪತ್ತು ಪರಿಹಾರ ನಿಯಮದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000. ಒಬ್ಬ ರೈತನಿಗೆ ಹೆಚ್ಚೆಂದರೆ 2 ಹೆಕ್ಟೇರ್. ತೋಟ ಎಷ್ಟೇ ಚಿಕ್ಕದಿರಲಿ, ಬಹುವಾರ್ಷಿಕ ಬೆಳೆಗೆ 2,500ಕ್ಕಿಂತ ಕಡಿಮೆ ಕೊಡುವಂತಿರಲಿಲ್ಲ. 2025ರ ಮಳೆ ಹಾನಿಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ 8,500 ಹೆಚ್ಚುವರಿ ಕೊಡುವುದಾಗಿ ಪ್ರಕಟಿಸಿತು. ಆಗಲೂ ಬಹುವಾರ್ಷಿಕ ಬೆಳೆಗೆ ಆಗುವುದು ಹೆಕ್ಟೇರಿಗೆ 31,000. ಹೋದ ಫಸಲಿಗೆ ಇದು ಎಲ್ಲಿಗೂ ಸಾಲದು. ಒಪ್ಪಿದೆ.

ಆದರೆ ನಿಮ್ಮ ಅರ್ಜಿ ನಿಮ್ಮ ಎರಡೂವರೆ ಸಾವಿರಕ್ಕೇ ನಿಲ್ಲುವುದಿಲ್ಲ. 2023ರ ಬರ ನೆನಪಿದೆಯಲ್ಲ? 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಸುಮಾರು 48 ಲಕ್ಷ ಹೆಕ್ಟೇರ್ ಬೆಳೆ ಹಾನಿಯ ಲೆಕ್ಕ ಹೋಯಿತು. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ, 2024ರ ಏಪ್ರಿಲಿನಲ್ಲಿ ಬಂದದ್ದು ಸುಮಾರು 3,454 ಕೋಟಿ. ಆ ಜಗ್ಗಾಟದಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಾಗಲಿಲ್ಲ. ರಾಜ್ಯದಲ್ಲಿ ಸಣ್ಣ, ಅತಿಸಣ್ಣ ರೈತರು ಎಷ್ಟಿದ್ದಾರೆ ಎನ್ನುವುದಕ್ಕೆ 2015-16ರ ಹಳೇ ಕೃಷಿ ಗಣತಿ ಹಿಡಿಯಬೇಡಿ, ಫ್ರೂಟ್ಸ್ (ರಾಜ್ಯದ ರೈತರ ದತ್ತಾಂಶ) ನೋಂದಣಿಯಲ್ಲಿ ಅವರ ಪಾಲು ಇನ್ನೂ ಜಾಸ್ತಿ ಇದೆ, ಅದನ್ನು ನೋಡಿ ಎಂದು ರಾಜ್ಯ ಕೇಳಿತು. ಸೈಬರ್ ಸೆಂಟರಿನಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರು ಮಾಡಿಸಿಕೊಂಡ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಅಲ್ಲಿ ದೆಹಲಿಯ ಮೇಜಿನ ಮೇಲೆ ವಾದವಾಯಿತು. ಎಲ್ಲರೂ ಮನೆಯಲ್ಲೇ ಕೂತಿದ್ದರೆ ಆ ಅಂಕಿ ಇರುತ್ತಲೇ ಇರಲಿಲ್ಲ.

ಎಷ್ಟು ಹಾಳಾದ್ರೆ ಹೇಳಬೇಕು? ಅಲ್ಪಸ್ವಲ್ಪ ಎಲ್ಲಾ ವರ್ಷಾನೂ ಹೋಗುತ್ತೆ.

ಪರಿಹಾರಕ್ಕೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿರಬೇಕು. ಅದನ್ನು ಅಳೆಯುವುದು ಕಂದಾಯ ಮತ್ತು ತೋಟಗಾರಿಕೆಯವರ ಜಂಟಿ ಸಮೀಕ್ಷೆ. ನೀವೇ ಮನಸ್ಸಿನಲ್ಲಿ “ಮೂವತ್ತಾಗಿರಬಹುದು ಬಿಡು” ಎಂದು ತೀರ್ಪು ಕೊಟ್ಟುಕೊಳ್ಳಬೇಡಿ. ತೋಟದೊಳಗೆ ಹೂಳು, ಮರಳು ತುಂಬಿದ್ದರೆ, ಧರೆ ಕುಸಿದು ಜಾಗವೇ ಹೋಗಿದ್ದರೆ ಅದಕ್ಕೆ 2025-26ರವರೆಗಿನ ಅದೇ ನಿಯಮದಲ್ಲಿ ಬೇರೆ ದರವಿತ್ತು: ಹೂಳು ತೆಗೆಯಲು ಹೆಕ್ಟೇರಿಗೆ 18,000, ಜಮೀನೇ ಕೊಚ್ಚಿ ಹೋದ ಸಣ್ಣ ರೈತರಿಗೆ 47,000. ಬೆಳೆ ಹಾನಿ ಎಂದಷ್ಟೇ ಬರೆದು ಕೊಟ್ಟು ಇದನ್ನು ಕಳೆದುಕೊಳ್ಳುವವರು ಬಹಳ.

72 ಗಂಟೆ, 72 ಗಂಟೆ ಅಂತಾರಲ್ಲ, ಅದು ಎಲ್ಲದಕ್ಕೂನಾ?

ಇಲ್ಲ. ಅದು ಫಸಲ್ ಬಿಮಾ ಮಾಡಿಸಿದ ಭತ್ತ, ರಾಗಿ, ಜೋಳದಂಥ ಬೆಳೆಗೆ. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟದಂಥದ್ದು ನಿಮ್ಮ ಜಮೀನಿಗೆ ಮಾತ್ರ ತಗುಲಿದರೆ 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಬಹುದು, ಆ್ಯಪ್ ಇದೆ, ಬ್ಯಾಂಕಿಗೂ ಹೇಳಬಹುದು. ಕೊಯ್ದು ಗದ್ದೆಯಲ್ಲಿ ಹರವಿದ ಬೆಳೆಗೆ ಕೊಯ್ಲಾದ 14 ದಿನದವರೆಗೆ ರಕ್ಷಣೆಯುಂಟು. ಕಾಡುಪ್ರಾಣಿ ಹಾನಿಯನ್ನೂ 2026ರ ಮುಂಗಾರಿನಿಂದ ಸೇರಿಸುವುದಾಗಿ 2025ರ ನವೆಂಬರಿನಲ್ಲಿ ಕೇಂದ್ರ ಪ್ರಕಟಿಸಿದೆ. ಅದಕ್ಕೂ ಗಡುವು 72 ಗಂಟೆಯೇ.

ಸರ್ಕಾರದ ಪರಿಹಾರಕ್ಕೆ ಈ ಗಂಟೆ ಲೆಕ್ಕವಿಲ್ಲ. ಆದರೆ ಸಮೀಕ್ಷೆ ಮುಗಿದು ಪಟ್ಟಿ ಪರಿಹಾರ ತಂತ್ರಾಂಶಕ್ಕೆ ಹೋದ ಮೇಲೆ ಹೆಸರು ಸೇರಿಸುವುದು ಕಷ್ಟ. ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. “ಸಾಹೇಬ್ರಿಗೆ ಹೇಳಿದ್ದೀನಿ” ಎಂಬುದು ಅರ್ಜಿ ಅಲ್ಲ.

ಫೋಟೋ ಕಳಿಸಿದ್ರೆ ಸರಿಯಾಗಿಲ್ಲ ಅಂತಾರೆ. ಹೇಗೆ ತೆಗೀಬೇಕು?

ಬಂದ ಫೋಟೋಗಳಲ್ಲಿ ಮುಕ್ಕಾಲು ಪಾಲು ಒಂದೇ ರೀತಿ: ಹಸಿರು ತೋಟ, ಮಳೆ, ಮಧ್ಯದಲ್ಲಿ ಛತ್ರಿ ಹಿಡಿದ ಯಜಮಾನರು. ಹಾನಿ ಎಲ್ಲಿದೆ ಎಂದು ಹುಡುಕಬೇಕು.

ಮೊದಲು ದೂರದಿಂದ ಒಂದು. ಮನೆಯೋ ಪಂಪ್‌ಹೌಸೋ ಗಡಿಕಲ್ಲೋ ಕಾಣಬೇಕು, ಯಾವ ಜಾಗ ಎಂದು ಗೊತ್ತಾಗುವಂತೆ. ಆಮೇಲೆ ಹತ್ತಿರದಿಂದ. ಅಡಿಕೆ ಕೊಳೆಯಾದರೆ ಒಂದು ಮರದ ಬುಡದಲ್ಲಿ ಬಿದ್ದ ಕಾಯಿ ಮುಟ್ಟದೆ ಹಾಗೇ ತೆಗೆಯಿರಿ. ಒಂದು ಕಾಯಿಯನ್ನು ಅಂಗೈಯಲ್ಲಿಟ್ಟು ತೊಟ್ಟಿನ ಹತ್ತಿರದ ನೀರು ಹೀರಿದಂಥ ಕಪ್ಪುಹಸಿರು ಮಚ್ಚೆ, ಮೇಲಿನ ಬಿಳಿ ಬೂಸಲು ಕಾಣುವಂತೆ ಇನ್ನೊಂದು. ಕಾಫಿಯಾದರೆ ಗಿಡದಲ್ಲೇ ಒಡೆದ ಹಣ್ಣು, ನೆಲಕ್ಕೆ ಉದುರಿದ್ದು, ಕಣದಲ್ಲಿ ಒಣಗದೆ ಬೂಸಲು ಹಿಡಿದದ್ದು ಬೇರೆ ಬೇರೆ ಇರಲಿ. 2021ರ ಜನವರಿಯಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದಾಗ ಈ ಮೂರೂ ಒಟ್ಟಿಗೇ ಆಗಿತ್ತು. ದಿನಾಂಕ, ಜಾಗದ ಗುರುತು ಬೀಳುವ ಕ್ಯಾಮೆರಾ ಆ್ಯಪ್ ಬಳಸಿ. ವಾಟ್ಸಾಪಿನಲ್ಲಿ ಬಂದದ್ದನ್ನು ಉಳಿಸಿಕೊಂಡರೆ ಫೋಟೋದೊಳಗಿನ ಆ ವಿವರ ಅಳಿಸಿ ಹೋಗಿರುತ್ತದೆ. ಮೂಲ ಫೋಟೋ ಫೋನಿನಲ್ಲೇ ಇರಲಿ.

## ಸ್ವಲ್ಪ ತೊಡಕಿನವು

ಅಡಿಕೆ ವಿಮೆ ದುಡ್ಡು ಮಳೆಮಾಪಕ ನೋಡಿ ತಾನಾಗಿ ಬರುತ್ತೆ. ನಾನು ಹಾನಿ ಬರೆದುಕೊಟ್ಟು ಏನಾಗಬೇಕು?

ಹವಾಮಾನ ಆಧಾರಿತ ವಿಮೆಯಲ್ಲಿ ನಿಮ್ಮ ತೋಟ ನೋಡಲು ಯಾರೂ ಬರುವುದಿಲ್ಲ, ನಿಜ. ಪಂಚಾಯಿತಿಯ ಮಳೆಮಾಪಕದ ಅಂಕಿ ನಿಗದಿತ ಮಿತಿ ದಾಟಿದರೆ ಹಣ, ಇಲ್ಲದಿದ್ದರೆ ಇಲ್ಲ. ಆ ಮಿತಿಗಳು ನಮ್ಮ ತೋಟದ ಹಾನಿಗೆ ಹೊಂದುತ್ತವೆಯೇ ಎಂಬುದೇ ಪ್ರಶ್ನೆ. ಒಟ್ಟು ಮಳೆ ಜಾಸ್ತಿಯಿಲ್ಲದೆ, ಜಿಟಿಜಿಟಿ ಬಿಡದೆ ಹಿಡಿದು, ಔಷಧಿ ಹೊಡೆಯಲು ಎರಡು ದಿನ ಬಿಡುವು ಸಿಗದೆ ಕೊಳೆ ಬರುವ ವರ್ಷಗಳುಂಟು. ಅಂಥ ವರ್ಷ ವಿಮೆ ಬರಲಿಲ್ಲ, ಫಸಲೂ ಬರಲಿಲ್ಲ ಎಂದು ತೋರಿಸಲು ತೋಟದ ಹಾನಿಯ ದಾಖಲೆ ಬೇಕು. ಇಲ್ಲದಿದ್ದರೆ ಮಾಪಕ ಹೇಳಿದ್ದೇ ಕೊನೆ.

ನಮ್ಮ ಪಂಚಾಯ್ತಿ ಮಾಪಕ ಕೆಟ್ಟು ಕೂತಿತ್ತು. ಈಗ ಏನು ಮಾಡೋದು?

ಮಾಪಕದ ತಕರಾರು ಉತ್ತರ ಕನ್ನಡ, ದಕ್ಷಿಣ ಕನ್ನಡದಲ್ಲಿ ಜೋರಾಗಿಯೇ ಎದ್ದಿತ್ತು. ಹಳೇ ಕಾಫಿ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಭಾಗ) ಬರೆದಿಡುತ್ತಾರೆ. ಆ ಅಭ್ಯಾಸ ಅಡಿಕೆಯವರಿಗೂ ಬರಬೇಕು. ದಿನಾ ಬೆಳಗ್ಗೆ ಎಂಟೂವರೆಗೆ ಅಳೆಯಿರಿ, ಹವಾಮಾನ ಇಲಾಖೆಯ ಮಳೆ ದಿನ ಶುರುವಾಗುವುದು ಆಗಲೇ. ಒಂದು ಇಂಚು 25.4 ಮಿ.ಮೀ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಅಂಕಿಯ ಪಕ್ಕ ನಿಮ್ಮದನ್ನು ಇಟ್ಟು ನೋಡಿ. ಒಬ್ಬರ ಪುಸ್ತಕವನ್ನು ಯಾರೂ ಒಪ್ಪುವುದಿಲ್ಲ. ಒಂದೇ ಪಂಚಾಯಿತಿಯ ಐದಾರು ತೋಟದ ಪುಸ್ತಕ ಒಂದೇ ಮಾತು ಹೇಳಿ, ಮಾಪಕ ಮಾತ್ರ ಸೊನ್ನೆ ತೋರಿಸಿದರೆ ತಕರಾರಿಗೆ ಜೀವ ಬರುತ್ತದೆ. ತಕರಾರನ್ನು ಮಾಪಕ ಕೆಟ್ಟ ವಾರವೇ ಕೊಡಿ, ವಿಮೆ ಬರದೆ ಇದ್ದ ಮೇಲೆ ಅಲ್ಲ.

ತೋಟ ಹಾಕಿ ಹದಿನೈದು ವರ್ಷ ಆಯ್ತು, ಪಹಣೀಲಿ ಇನ್ನೂ ಭತ್ತ ಅಂತಿದೆ.

ಹಾಗಿದ್ದರೆ ನಿಮ್ಮ ಅಡಿಕೆಗೆ ವಿಮೆಯೂ ಕಷ್ಟ, ಪರಿಹಾರವೂ ಕಷ್ಟ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನೀವೇ ಬೆಳೆ ದಾಖಲಿಸಬಹುದು. ಬೇರೆಯವರು ಏನು ದಾಖಲಿಸಿದ್ದಾರೆ ಎಂದು ಬೆಳೆ ದರ್ಶಕ ಎಂಬ ಇನ್ನೊಂದು ಆ್ಯಪಿನಲ್ಲಿ ನೋಡಿ ಆಕ್ಷೇಪಣೆ ಹಾಕಬಹುದು. ಅಡಿಕೆಯೊಳಗೆ ಮೆಣಸು, ಏಲಕ್ಕಿ, ಬಾಳೆ ಇದ್ದರೆ ಮಿಶ್ರ ಬೆಳೆ ಎಂದು ಅವೂ ಇರಲಿ. ಮಳೆಗಾಲಕ್ಕೆ ಮೊದಲೇ ಮುಗಿಸಿ.

ನಮ್ಮದು ನರ್ಸರಿ. ಕೊಟ್ಟೆಯಲ್ಲಿದ್ದ (ಪ್ಲಾಸ್ಟಿಕ್ ಚೀಲದಲ್ಲಿದ್ದ) ಅಡಿಕೆ, ಮೆಣಸಿನ ಸಸಿ ಅಷ್ಟೂ ಕೊಳೆತು ಹೋಯ್ತು. ನಮಗೇನೂ ಇಲ್ವಾ?

ಬೆಳೆ ವಿಮೆ ಇರುವುದು ನೆಲದಲ್ಲಿ ಬೆಳೆದ, ಅಧಿಸೂಚಿತ ಬೆಳೆಗೆ. ಕೊಟ್ಟೆ ಗಿಡ ಅದರೊಳಗೆ ಬರುವುದಿಲ್ಲ. ಬೇಸರದ ಉತ್ತರ, ಆದರೆ ಸುಮ್ನೆ ಆಸೆ ಹುಟ್ಟಿಸಿ ಏನು ಪ್ರಯೋಜನ. ನರ್ಸರಿಯವರು ಹಾನಿಯನ್ನು ತೋಟಗಾರಿಕೆ ಇಲಾಖೆಗೆ ಬರೆದು ಕೊಡುವ ರೂಢಿಯೂ ಇಲ್ಲ, ಹಾಗಾಗಿ ಇಂಥದ್ದೊಂದು ನಷ್ಟ ಇದೆ ಎಂಬುದೇ ಯಾವ ಕಡತದಲ್ಲೂ ಕಾಣುವುದಿಲ್ಲ. ಎಷ್ಟು ಸಸಿ, ಎಷ್ಟು ತಿಂಗಳಿನವು, ಮಣ್ಣು ತುಂಬಿ ಕಸಿ ಕಟ್ಟಲು ಎಷ್ಟು ಆಳು, ಮುಂಗಡ ಎಷ್ಟು ವಾಪಸು ಕೊಟ್ಟಿರಿ ಎಂದು ಬರೆದು ಕೊಡಿ. ಸಾಲ ಇದ್ದರೆ ಅದರ ಪ್ರತಿ ಬ್ಯಾಂಕಿಗೂ ಇರಲಿ.

ಕೂಲಿ ಲೆಕ್ಕಕ್ಕೂ ಮಳೆ ಹಾನಿಗೂ ಏನು ಸಂಬಂಧ? ಎರಡನ್ನೂ ಯಾಕೆ ಒಟ್ಟಿಗೆ ಹೇಳ್ತೀರಿ?

ವಿಮಾ ಮೊತ್ತ ಎಲ್ಲಿಂದ ಬರುತ್ತದೆ ನೋಡಿ. ಬೆಳೆ ವಿಮೆಯಲ್ಲಿ ಹೆಕ್ಟೇರಿಗೆ ಇಷ್ಟು ಎಂಬ ಮೊತ್ತ ಸಾಮಾನ್ಯವಾಗಿ ಆ ಬೆಳೆಸಾಲದ ಪ್ರಮಾಣದ ಮೇಲೆ ನಿಲ್ಲುತ್ತದೆ. ಬೆಳೆಸಾಲದ ಪ್ರಮಾಣ ನಿಲ್ಲುವುದು ಬೇಸಾಯದ ಖರ್ಚಿನ ಮೇಲೆ. ಖರ್ಚಿನ ಮುಖ್ಯ ಭಾಗ ಕೂಲಿ. ಅಂದರೆ ಕೂಲಿ ಕಡಿಮೆ ಎಂದು ಬರೆಸಿದವರು ತಮ್ಮ ವಿಮೆಯ ಮೊತ್ತವನ್ನೂ ತಾವೇ ಇಳಿಸಿದಂತೆ. ಅಡಿಕೆಗೆ ಈಚಿನ ವರ್ಷಗಳಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಶೇ. 5ರಂತೆ ರೈತ ಕಟ್ಟುವುದು 6,400. ಎಕರೆಗೆ ಮೊತ್ತ ಸುಮಾರು 51,800. ನಿಮ್ಮ ಒಂದು ಎಕರೆಯ ವರ್ಷದ ಖರ್ಚನ್ನು ಪಕ್ಕದಲ್ಲಿ ಬರೆದು ನೋಡಿ. ಕಾಳುಮೆಣಸಿಗೆ ಇದ್ದದ್ದು ಹೆಕ್ಟೇರಿಗೆ 47,000 ಮಾತ್ರ.

ಇನ್ನೊಂದು ಕಡೆಯಿಂದಲೂ ಸಂಬಂಧವಿದೆ. ಮಳೆ ಹಾಳುಮಾಡಿದ ವರ್ಷ ಫಸಲು ಕಡಿಮೆ, ಆದರೆ ಆಳು ಜಾಸ್ತಿ. ಉದುರಿದ ಕಾಫಿಯನ್ನು ನೆಲದಿಂದ ಹೆಕ್ಕಲು ಗಿಡದಿಂದ ಕೊಯ್ಯುವುದಕ್ಕಿಂತ ಹೆಚ್ಚು ಹೊತ್ತು ಬೇಕು. ತೊಳೆದುಹೋದ ಔಷಧಿಯನ್ನು ಮತ್ತೆ ಹೊಡೆಸಬೇಕು. ಬಿದ್ದ ಮರ ಕಡಿಸಿ ಸಾಗಿಸಬೇಕು. ಹಾನಿ ಅರ್ಜಿಯಲ್ಲಿ ಹೋದ ಫಸಲನ್ನು ಎಲ್ಲರೂ ಬರೆಯುತ್ತಾರೆ, ಈ ಹೆಚ್ಚುವರಿ ಕೂಲಿಯನ್ನು ಬರೆದದ್ದು ನಾನು ಕಂಡಿದ್ದು ಅಪರೂಪ.

ಎಲ್ಲಾ ಕೊಟ್ಟೂ ಏನೂ ಆಗ್ಲಿಲ್ಲ ಅಂದ್ರೆ?

ಆಗದೇ ಇರುವುದುಂಟು. ಆಗ ಮೊದಲು ತಿಳಿಯಬೇಕಾದ್ದು ನಿಮ್ಮ ಕಾಗದ ಎಲ್ಲಿ ನಿಂತಿದೆ ಎಂದು. ಸಮೀಕ್ಷೆಯಲ್ಲಿ ಶೇ. 33ಕ್ಕಿಂತ ಕಡಿಮೆ ಎಂದು ಬರೆದರೋ, ಸರ್ವೆ ನಂಬರ್ ತಪ್ಪಿತೋ, ಆಧಾರ್ ಬ್ಯಾಂಕಿಗೆ ಜೋಡಣೆ ಆಗಿಲ್ಲವೋ? ತಹಶೀಲ್ದಾರರಿಂದ ಲಿಖಿತ ಹಿಂಬರಹ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಿಮ್ಮ ಸರ್ವೆ ನಂಬರಿನ ಹಾನಿ ಸಮೀಕ್ಷೆಯ ಪ್ರತಿ ಕೇಳಿ, 30 ದಿನದೊಳಗೆ ಉತ್ತರ ಬರಬೇಕು. ಪಂಚಾಯಿತಿಯ ದಿನವಾರು ಮಳೆ ಅಂಕಿಯನ್ನೂ, ಬೆಳೆಸಾಲದ ಪ್ರಮಾಣ ನಿಗದಿ ಮಾಡಿದ ಸಭೆಯ ನಡಾವಳಿಯನ್ನೂ ಇದೇ ದಾರಿಯಲ್ಲಿ ಕೇಳಬಹುದು. ನಡಾವಳಿ ಸಿಕ್ಕಿದರೆ ಅದರಲ್ಲಿ ಕೂಲಿ ಎಷ್ಟು ಎಂದು ಹಿಡಿದಿದ್ದಾರೆ ಎಂಬ ಸಾಲನ್ನು ಮೊದಲು ಹುಡುಕಿ.